ರಾಮಕೃಷ್ಣ ಹೆಗಡೆಯವರ ವಾಕ್ಕು ಮತ್ತು ಕೃತಿ: ಅನುಯಾಯಿಯೊಬ್ಬನ ವಿವೇಚನೆ

1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ 24 ಕಾಂಗ್ರೆಸ್ಸಿನ ಪಾಲಾಗಿ, ರಾಜ್ಯದಲ್ಲಿ ಅಧಿಕಾರ ನಡೆಸುತ್ತಿದ್ದ ಜನತಾ ಪಕ್ಷಕ್ಕೆ 4 ಮಾತ್ರ ಉಳಿದಾಗ, ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಡತಕ್ಕದ್ದೆಂದು ಯಾವ ಕಾನೂನೂ ವಿಧಿಸಿರಲಿಲ್ಲ. ವಿಧಾನಸಭೆಯಲ್ಲಿ ಅವರ ಸರ್ಕಾರಕ್ಕಿದ್ದ ಬೆಂಬಲವು ಲೋಕಸಭೆಯ ಮತಗಳಿಂದ ಎಳ್ಳಷ್ಟೂ ಕುಗ್ಗಿರಲಿಲ್ಲ. ಇಂದಿರಾ ಗಾಂಧಿಯವರ ಹತ್ಯೆಯ ತರುವಾಯ ದೇಶವನ್ನೆಲ್ಲ ವ್ಯಾಪಿಸಿದ್ದ ಅನುಕಂಪದ ಅಲೆಯೇ ಈ ಸೋಲಿಗೆ ಕಾರಣವೆಂದು ಸಮಾಧಾನ ಹೇಳಿಕೊಳ್ಳುವುದಕ್ಕೆ ಬೇಕಾದಷ್ಟು ಆಧಾರವೂ ಇತ್ತು. ಆದರೆ ತಾವು ಹುಟ್ಟಿ ಬೆಳೆದ ಜಿಲ್ಲೆಯನ್ನೊಳಗೊಂಡ ಕೆನರಾ ಕ್ಷೇತ್ರವೇ ಕಾಂಗ್ರೆಸ್ಸಿನ ಅಭ್ಯರ್ಥಿಯನ್ನು ಆರಿಸಿ ಕಳುಹಿಸಿದ್ದನ್ನು ಕಂಡ ಹೆಗಡೆಯವರು, ಜನರ ವಿಶ್ವಾಸ ತಮ್ಮ ಮೇಲೆ ಉಳಿದಿದೆಯೇ ಎಂಬುದನ್ನು ಜನರೇ ಹೇಳಬೇಕೆಂದು ನಿಶ್ಚಯಿಸಿ, ರಾಜೀನಾಮೆಯನ್ನಿತ್ತು, ವಿಧಾನಸಭೆಯ ವಿಸರ್ಜನೆಗೆ ಶಿಫಾರಸು ಮಾಡಿದರು. ಮೂರು ತಿಂಗಳೊಳಗಾಗಿ, 1985ರ ಮಾರ್ಚಿನಲ್ಲಿ, ಅದೇ ಜನ 224 ಸ್ಥಾನಗಳ ವಿಧಾನಸಭೆಯಲ್ಲಿ ಅವರ ಪಕ್ಷಕ್ಕೆ 139 ಸ್ಥಾನಗಳನ್ನು ಕೊಟ್ಟರು.

ಈ ಪ್ರಸಂಗವನ್ನು ಹೆಗಡೆಯವರ ಅಭಿಮಾನಿಗಳು ಸಾಮಾನ್ಯವಾಗಿ ಅವರ ಚಾತುರ್ಯಕ್ಕೆ ದೃಷ್ಟಾಂತವಾಗಿ ಹೇಳುವುದುಂಟು. ವಿರೋಧಿಗಳು ಹೇಳುವುದೂ ಅದನ್ನೇ, ಧ್ವನಿ ಮಾತ್ರ ಬೇರೆ. ನಾನು ಅವರ ಅನುಯಾಯಿವರ್ಗಕ್ಕೆ ಸೇರಿದವನು; ಆ ನಿರ್ಧಾರದಲ್ಲಿ ಚಾತುರ್ಯದ ಅಂಶವೇ ಇರಲಿಲ್ಲವೆಂದು ವಾದಿಸಲಾರೆ, ವಾದಿಸಬೇಕಾದ ಅಗತ್ಯವೂ ನನಗೆ ಕಾಣುವುದಿಲ್ಲ. ನನಗೆ ಮುಖ್ಯವೆನಿಸುವುದು ಬೇರೊಂದು ಸಂಗತಿ. ಕಾನೂನು ಕೇಳದಿದ್ದ ಉತ್ತರವನ್ನು ಅವರು ತಮ್ಮ ಮಾತಿನ ನಿರ್ಬಂಧಕ್ಕೆ ಒಳಗಾಗಿ ಕೊಟ್ಟರು. ಕೊಟ್ಟ ಮೇಲೆ, ಅಂಥ ಉತ್ತರವನ್ನು ಮುಂದೆಯೂ ಅವರಿಂದ ನಿರೀಕ್ಷಿಸುವ ಹಕ್ಕು ನಮಗೆ ದೊರೆಯಿತು. ಅವರ ಭಾಷಣಗಳ ಬೆಲೆ ಇರುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಅವು ಕೇಳಿದವರ ಕೈಗೆ ಒಂದು ಒರೆಗಲ್ಲನ್ನು ಕೊಟ್ಟವು. ಅನುಯಾಯಿಯಾದವನು ಮಾಡಬೇಕಾದ ಮೊದಲ ಕರ್ತವ್ಯವು, ಆ ಒರೆಗಲ್ಲಿನ ಮೇಲೆ ಆ ನಾಯಕನ ನಿರ್ಧಾರಗಳನ್ನೇ ಎಳೆದು ನೋಡುವುದು.

ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ 1926ರ ಆಗಸ್ಟ್ 29ರಂದು ಜನಿಸಿದ ಹೆಗಡೆಯವರ ಬಾಲ್ಯವು, ರಾಜಕಾರಣವು ಮನೆಯ ಜಗುಲಿಗೇ ಬಂದು ಕುಳಿತಿದ್ದ ಕಾಲದಲ್ಲಿ ಕಳೆಯಿತು. 1930ರ ದಶಕದ ಆದಿಯಲ್ಲಿ ಅಂಕೋಲೆ ಮತ್ತು ಸಿದ್ದಾಪುರ ಸೀಮೆಗಳ ರೈತರು ಕರನಿರಾಕರಣೆಯ ವ್ರತವನ್ನು ಹಿಡಿದು, ತೋಟ ಗದ್ದೆಗಳು ಜಪ್ತಿಯಾಗುತ್ತಿದ್ದರೂ ಮಣಿಯದೆ, ಸೆರೆಮನೆಗೆ ನಡೆದರು. ಆಳುವವನು ಬಲಿಷ್ಠನಾದ ಮಾತ್ರಕ್ಕೆ ಅವನ ಆಜ್ಞೆಯು ನ್ಯಾಯವಾಗದೆಂಬ ತಿಳಿವಳಿಕೆಯನ್ನು ಈ ನಾಡಿನ ಮಕ್ಕಳು ಪುಸ್ತಕದಿಂದ ಪಡೆಯಬೇಕಾಗಿರಲಿಲ್ಲ. 1942ರ ಚಳವಳಿಯಲ್ಲಿ ಹೆಗಡೆಯವರೂ ಸೆರೆಮನೆಯನ್ನು ಕಂಡರು. ಕಾಶಿ ವಿದ್ಯಾಪೀಠದಲ್ಲಿ ಓದಿ, ಲಖನೌ ವಿಶ್ವವಿದ್ಯಾಲಯದಲ್ಲಿ ನ್ಯಾಯಶಾಸ್ತ್ರವನ್ನು ಮುಗಿಸಿ ಬಂದು, 1957ರಲ್ಲಿ ಶಿರಸಿಯಿಂದ ವಿಧಾನಸಭೆಯನ್ನು ಪ್ರವೇಶಿಸಿದರು. ನಿಜಲಿಂಗಪ್ಪ, ವೀರೇಂದ್ರ ಪಾಟೀಲರ ಮಂತ್ರಿಮಂಡಲಗಳಲ್ಲಿ ದುಡಿದುದು, ಕಾಂಗ್ರೆಸ್ಸು ಒಡೆದಾಗ ದೆಹಲಿಯಲ್ಲಿ ಅಧಿಕಾರವಿಲ್ಲದ ಬದಿಯಲ್ಲಿ ಉಳಿದುದು, ತುರ್ತುಪರಿಸ್ಥಿತಿಯಲ್ಲಿ ಮತ್ತೊಮ್ಮೆ ಸೆರೆಯಾದುದು, ಇವೆಲ್ಲ ಬಲ್ಲವರಿಗೆ ಬಲ್ಲ ವಿಷಯ. ಮಂತ್ರಿಯಾಗಿಯೂ ಮುಖ್ಯಮಂತ್ರಿಯಾಗಿಯೂ ಒಟ್ಟು 13 ಆಯವ್ಯಯಗಳನ್ನು ಮಂಡಿಸಿದ ದಾಖಲೆ ಬಹುಕಾಲ ಅವರ ಹೆಸರಿನಲ್ಲಿಯೇ ಇತ್ತೆಂಬುದನ್ನು ಇಲ್ಲಿ ಹೇಳಬೇಕು. ಏಕೆಂದರೆ ಅವರ ಭಾಷಣದ ಶೈಲಿಗೂ ಲೆಕ್ಕಪತ್ರದ ಈ ಅಭ್ಯಾಸಕ್ಕೂ ಸಂಬಂಧವುಂಟು.

ಅವರು ಕೂಗಿ ಮಾತನಾಡಿದವರಲ್ಲ. ತಗ್ಗಿದ ಧ್ವನಿಯಲ್ಲಿ, ವಾಕ್ಯವನ್ನು ಅರ್ಧಕ್ಕೆ ಬಿಡದೆ, ವಿರೋಧಿಯನ್ನು ಹೆಸರಿಸುವಾಗಲೂ ಗೌರವವಾಚಕವನ್ನು ತಪ್ಪಿಸದೆ, ಒಂದು ಪ್ರಮೇಯದಿಂದ ಮತ್ತೊಂದಕ್ಕೆ ಸಾಗುವ ಮಾತು ಅವರದು. ಇಂಥ ಮಾತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಜನ ಕಿವಿಗೊಟ್ಟುದರಲ್ಲಿ ಆಶ್ಚರ್ಯವಿಲ್ಲ. ರಾತ್ರಿಯಿಡೀ ತಾಳಮದ್ದಳೆಯ ಮುಂದೆ ಕುಳಿತು ಅರ್ಥಧಾರಿಗಳ ವಾದ ಪ್ರತಿವಾದಗಳನ್ನು ತೂಗಿ ನೋಡುವ ಪರಿಪಾಠ ಇಲ್ಲಿಯದು. ವೇಷವಿಲ್ಲ, ಕುಣಿತವಿಲ್ಲ, ಕಿರೀಟವಿಲ್ಲ. ಮಾತೊಂದರಿಂದಲೇ ಕೃಷ್ಣನೂ ಕರ್ಣನೂ ಆಗಬೇಕಾದ ಆ ಕಲೆಯಲ್ಲಿ, ಅರ್ಥಧಾರಿಯು ಪೀಠಿಕೆಯಲ್ಲಿ ಯಾವ ಧರ್ಮವನ್ನು ತನ್ನದೆಂದು ಸ್ಥಾಪಿಸಿದನೋ ಅದಕ್ಕೆ ಬೆಳಗಿನ ಜಾವದವರೆಗೂ ಬದ್ಧನಾಗಿರಬೇಕು. ನಡುವೆ ಎದುರಾಳಿಯ ಚಾಟೂಕ್ತಿಗೆ ಸಿಕ್ಕಿ ಅದನ್ನು ಮರೆತನೆಂದರೆ, ಅವನ ಕಂಠ ಎಷ್ಟೇ ಇಂಪಾಗಿರಲಿ, ಜಗುಲಿಯ ಮೂಲೆಯಲ್ಲಿ ಕವಳ ಹಾಕುತ್ತ ಕುಳಿತ ಮುದುಕನೊಬ್ಬ ಅದನ್ನು ಗುರುತಿಸದೆ ಬಿಡುವುದಿಲ್ಲ. ಹೆಗಡೆಯವರು 1983ರಿಂದ ರಾಜ್ಯದ ಮುಂದೆ ಹೇಳುತ್ತ ಬಂದ ಪೀಠಿಕೆಯನ್ನು ಎರಡು ಮಾತಿನಲ್ಲಿ ಅಡಕಗೊಳಿಸಬಹುದು. ಅಧಿಕಾರವು ದೆಹಲಿಯಿಂದ ರಾಜ್ಯಕ್ಕೂ, ರಾಜ್ಯದಿಂದ ಹಳ್ಳಿಗೂ ಇಳಿಯಬೇಕು ಎಂಬುದು ಒಂದು. ಅಧಿಕಾರದಲ್ಲಿರುವವನು ಕಾನೂನಿಗಿಂತ ಕಟ್ಟುನಿಟ್ಟಾದ ನೀತಿಗೆ ಒಳಪಡಬೇಕು ಎಂಬುದು ಮತ್ತೊಂದು. ಮೌಲ್ಯಾಧಾರಿತ ರಾಜಕಾರಣವೆಂಬ ಪದಪುಂಜವು ಕನ್ನಡಿಗರ ನಾಲಗೆಯ ಮೇಲೆ ನಿಂತದ್ದು ಈ ಎರಡನೆಯದರಿಂದ.

ಇವೆರಡರಲ್ಲಿ ಮೊದಲನೆಯದರ ದೆಹಲಿಯ ಭಾಗವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. 1983ರ ಜನವರಿ 10ರಂದು ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾಗಿ, ಸ್ವಂತ ಬಹುಮತವಿಲ್ಲದೆ, ಇತರರ ಬಾಹ್ಯ ಬೆಂಬಲದ ಮೇಲೆ ಸರ್ಕಾರವನ್ನು ನಿಲ್ಲಿಸಿಕೊಂಡಿದ್ದ ಹೆಗಡೆಯವರು, ಮೂರು ತಿಂಗಳು ತುಂಬುವ ಮೊದಲೇ ದಕ್ಷಿಣದ ಮುಖ್ಯಮಂತ್ರಿಗಳ ಸಮಾವೇಶವನ್ನು ಬೆಂಗಳೂರಿನಲ್ಲಿ ಕರೆದರು. ಅದೇ ವರ್ಷದ ಮಾರ್ಚಿನಲ್ಲಿ ಕೇಂದ್ರ ರಾಜ್ಯ ಸಂಬಂಧಗಳ ವಿಮರ್ಶೆಗಾಗಿ ಸರ್ಕಾರಿಯಾ ಆಯೋಗದ ಘೋಷಣೆಯಾಯಿತು. ಆದರೆ ದೆಹಲಿಯಿಂದ ಅಧಿಕಾರವನ್ನು ಕೇಳುವುದು ಯಾವ ಮುಖ್ಯಮಂತ್ರಿಗೂ ಸಹಜವಾದುದು, ಲಾಭದಾಯಕವೂ ಹೌದು. ಕೇಳಿದ್ದನ್ನು ತಾನೂ ಕೆಳಗಿನವರಿಗೆ ಕೊಡುವನೇ ಎಂಬಲ್ಲಿ ಪರೀಕ್ಷೆ.

ಆ ಪರೀಕ್ಷೆಯ ಉತ್ತರವು 1983ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಅಧಿನಿಯಮದಲ್ಲಿದೆ. 1978ರ ಅಶೋಕ ಮೆಹತಾ ಸಮಿತಿಯ ವರದಿಯು ದೇಶದ ಮುಂದೆ ಇಟ್ಟಿದ್ದ ವಿಚಾರಗಳನ್ನು ಕಾರ್ಯಕ್ಕೆ ತಂದ ಈ ಶಾಸನಕ್ಕೆ ಶರೀರ ಕೊಟ್ಟವರು ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬರು. ಊರೂರಿಗೆ ಕೊಳವೆಬಾವಿ ಕೊರೆಯಿಸಿ ಜನರಿಂದ ನೀರ್ ಸಾಬ್ ಎಂದು ಕರೆಸಿಕೊಂಡ ಆ ಮಹನೀಯರಿಗೆ ಸಲ್ಲಬೇಕಾದ ಕೀರ್ತಿಯನ್ನು ಹೆಗಡೆಯವರ ಹೆಸರಿಗೆ ಬರೆದುಕೊಳ್ಳುವುದು ಅಭಿಮಾನವಾಗದು. ಅಂಥವರೊಬ್ಬರನ್ನು ಆರಿಸಿ, ಅವರ ಕೈಗೆ ಇಲಾಖೆಯನ್ನೊಪ್ಪಿಸಿ, ಅಧಿಕಾರ ಕಳೆದುಕೊಳ್ಳುವ ಶಾಸಕರೂ ಅಧಿಕಾರಿಗಳೂ ಗೊಣಗಿದಾಗ ಅವರ ಬೆನ್ನಿಗೆ ನಿಂತದ್ದು ಮುಖ್ಯಮಂತ್ರಿಯ ಪಾಲಿನ ಕೆಲಸ, ಅದು ಸಣ್ಣದಲ್ಲ. ಮಸೂದೆಗೆ ರಾಷ್ಟ್ರಪತಿಯವರ ಅಂಕಿತ ದೊರೆಯುವಾಗ 1985 ಬಂದಿತ್ತು. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ.

ಏನು ಕೊಟ್ಟಿತು ಆ ಶಾಸನ? ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯೆಗೆ ಒಂದರಂತೆ, ರಾಜ್ಯದಲ್ಲಿ ಸುಮಾರು ಎರಡೂವರೆ ಸಾವಿರ ಮಂಡಲ ಪಂಚಾಯತಿಗಳು. ಅವುಗಳ ಮೇಲೆ, ಅಂದಿದ್ದ 19 ಜಿಲ್ಲೆಗಳಿಗೆ 19 ಜಿಲ್ಲಾ ಪರಿಷತ್ತುಗಳು. ಸ್ಥಾನಗಳಲ್ಲಿ ಶೇಕಡ 25 ಸ್ತ್ರೀಯರಿಗೆ ಮೀಸಲು. ಇದು ಸಂವಿಧಾನದ 73ನೆಯ ತಿದ್ದುಪಡಿಗಿಂತ ವರ್ಷಗಳಷ್ಟು ಮೊದಲು ಎಂಬುದನ್ನು ನೆನೆದರೆ ಅದರ ಮಹತ್ವ ತಿಳಿದೀತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯಸಚಿವರ ಸ್ಥಾನಮಾನ; ಅವರ ಕೆಳಗೆ ಮುಖ್ಯ ಕಾರ್ಯದರ್ಶಿಯೆಂಬ ಹೆಸರಿನಿಂದ ನಿಯುಕ್ತನಾದ ಅಧಿಕಾರಿಯು ಸೇವಾಜ್ಯೇಷ್ಠತೆಯಲ್ಲಿ ಜಿಲ್ಲಾಧಿಕಾರಿಗಿಂತ ಹಿರಿಯ. ಬ್ರಿಟಿಷರ ಕಾಲದಿಂದ ಜಿಲ್ಲೆಯ ಅಧಿಪತಿಯೆನಿಸಿ ಕುಳಿತಿದ್ದ ಕಲೆಕ್ಟರನ ಪೀಠಕ್ಕೆ, ಚುನಾಯಿತ ವ್ಯಕ್ತಿಯೊಬ್ಬನ ಪೀಠವನ್ನು ಎದುರಾಗಿ ಹಾಕಿದ ಹಾಗಾಯಿತು. ಶಾಲೆ, ಆಸ್ಪತ್ರೆ, ರಸ್ತೆ, ಕುಡಿಯುವ ನೀರು, ವ್ಯವಸಾಯ, ಪಶುವೈದ್ಯ, ಇವುಗಳ ಕೆಲಸವೂ ಅದಕ್ಕೆ ಬೇಕಾದ ನೌಕರರೂ ಹಣವೂ ಬೆಂಗಳೂರಿನಿಂದ ಜಿಲ್ಲೆಗೆ ಇಳಿದವು.

ಬಯಲುಸೀಮೆಯವರಿಗೆ ಈ ವ್ಯವಸ್ಥೆ ಹೇಗೆ ಕಂಡಿತೋ, ಘಟ್ಟದ ಮೇಲಿನ ನಮಗೆ ಅದರ ಅರ್ಥ ವಿಶೇಷವಾಗಿತ್ತು. ಇಲ್ಲಿ ಊರೆಂದರೆ ಒಂದೆಡೆ ಗುಂಪಾಗಿ ನಿಂತ ಬೀದಿಗಳಲ್ಲ. ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಕೇರಿ, ನಡುವೆ ಹಳ್ಳ. ಮಳೆಗಾಲದಲ್ಲಿ ಕಾಲುಸಂಕ ಕೊಚ್ಚಿಕೊಂಡು ಹೋದರೆ ಮಕ್ಕಳು ಶಾಲೆಗೆ ಹೋಗಲಾರರು, ಬಾಣಂತಿಯನ್ನು ದವಾಖಾನೆಗೆ ಒಯ್ಯುವಂತಿಲ್ಲ. ಆ ಸಂಕದ ಅಗತ್ಯವನ್ನು ಸಿದ್ದಾಪುರದವನು ಮನಗಾಣಿಸಬೇಕಾದದ್ದು ಘಟ್ಟವಿಳಿದು ನೂರು ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿ, ಕಡಲತಡಿಯ ಕಾರವಾರದಲ್ಲಿ, ಸಂಕವೆಂದರೇನೆಂದು ತಿಳಿಯದ ಅಧಿಕಾರಿಗೆ. ಹಳ್ಳದಾಚೆಯವನೇ ಸದಸ್ಯನಾಗಿ ಕುಳಿತ ಮಂಡಲಕ್ಕೆ ಆ ವಿವರಣೆ ಬೇಕಾಗಿರಲಿಲ್ಲ. ವರ್ಷಕ್ಕೆ ಎರಡು ಸಲವಾದರೂ ಗ್ರಾಮಸಭೆ ಕೂಡತಕ್ಕದ್ದೆಂಬ ನಿಯಮದಿಂದ, ಲೆಕ್ಕವನ್ನು ಕೇಳುವ ಅವಕಾಶವೂ ಒದಗಿತು. ಎಲ್ಲ ಮಂಡಲಗಳೂ ಸುಸೂತ್ರವಾಗಿ ನಡೆದವೆಂದು ನಾನು ಹೇಳುವುದಿಲ್ಲ. ಭೂಮಾಲಿಕರ ಮಾತೇ ನಡೆದ ಮಂಡಲಗಳಿದ್ದವು, ಗಂಡನು ಬರೆದುಕೊಟ್ಟ ಕಾಗದಕ್ಕೆ ಹೆಂಡತಿ ರುಜು ಹಾಕಿದ ಉದಾಹರಣೆಗಳೂ ಇದ್ದವು. ಆದರೆ ಹೆಂಗಸೊಬ್ಬಳು ಪಂಚಾಯತಿಯ ಕುರ್ಚಿಯಲ್ಲಿ ಕುಳಿತಳೆಂಬುದೇ ಒಂದು ಶಿಕ್ಷಣವಾಗಿ, ಅದನ್ನು ಕಲಿತವರು ಹೆಂಗಸರಿಗಿಂತ ಹೆಚ್ಚಾಗಿ ಗಂಡಸರು.

ಇನ್ನು ನಾನು ಬಹಳ ಕಾಲ ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿದ ವಿಷಯಕ್ಕೆ ಬರುತ್ತೇನೆ. ಅದು ಕಾಡಿನ ವಿಷಯ.

ಶಿರಸಿ ಸೀಮೆಯ ಅಡಿಕೆ ತೋಟವು ಕಾಡನ್ನು ಬಿಟ್ಟು ಬದುಕುವಂಥದಲ್ಲ. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಳಸಿಕೊಳ್ಳುವ ಸೌಲಭ್ಯವನ್ನು ಪೂರ್ವಕಾಲದ ಸರ್ಕಾರವೂ ಮಾನ್ಯಮಾಡಿತ್ತು. ತೋಟಕ್ಕೆ ಹಾಸುವ ಸೊಪ್ಪು, ಕೊಟ್ಟಿಗೆಗೆ ಹಾಕುವ ದರಕು, ಹಳ್ಳದಲ್ಲಿ ಬೇಸಿಗೆಯ ತನಕ ಉಳಿಯುವ ನೀರು, ಎಲ್ಲವೂ ಅಲ್ಲಿಂದಲೇ. ಆದಕಾರಣವೇ, ಬೇಡ್ತಿ ಹೊಳೆಗೆ ಕಟ್ಟಬೇಕೆಂದಿದ್ದ ಜಲವಿದ್ಯುತ್ ಯೋಜನೆಯಿಂದ ಶಿರಸಿ ಯಲ್ಲಾಪುರಗಳ ತೋಟ ಕಾಡುಗಳು ಮುಳುಗುವ ಸಂದರ್ಭ ಬಂದಾಗ, ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವು 1981ರಲ್ಲಿ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಸಿ, ಯೋಜನೆಯ ಲಾಭನಷ್ಟಗಳನ್ನು ಅಂಕಿಸಂಖ್ಯೆಗಳಿಂದಲೇ ಪರೀಕ್ಷಿಸಿತು. ಅಡಿಕೆ ಮಾರುವ ಸಂಸ್ಥೆಯೊಂದು ಸರ್ಕಾರದ ಎಂಜಿನಿಯರರ ಲೆಕ್ಕಕ್ಕೆ ಪ್ರತಿಲೆಕ್ಕವನ್ನು ಒಡ್ಡಿದ ಆ ಸಂದರ್ಭವು ಈ ನಾಡಿನ ಬೌದ್ಧಿಕ ಇತಿಹಾಸದಲ್ಲಿ ದೊಡ್ಡದು. ಎರಡು ವರ್ಷಗಳ ಮೇಲೆ, 1983ರ ಸೆಪ್ಟೆಂಬರ್ 8ರಂದು, ಶಿರಸಿ ತಾಲ್ಲೂಕಿನ ಸಾಲ್ಕಣಿಯ ಸುತ್ತಿನ ಜನ ಕಳಾಸೆಯ ಕಾಡಿಗೆ ನಡೆದುಹೋಗಿ ಮರಗಳನ್ನಪ್ಪಿ ನಿಂತರು. ಅಪ್ಪಿಕೋ ಚಳವಳಿಯು ಹಾಗೆ ಹುಟ್ಟಿತು. ಆಗ ಮುಖ್ಯಮಂತ್ರಿಯಾಗಿದ್ದವರು ನೆರೆಯ ತಾಲ್ಲೂಕಿನ ಹೆಗಡೆಯವರೇ. ಮರಕ್ಕೆ ಕೊಡಲಿ ಇಡಿಸಿದ ಅರಣ್ಯ ಇಲಾಖೆಯೂ ಅವರದೇ.

ಚಳವಳಿಯನ್ನು ಅವರ ಸರ್ಕಾರ ಲಾಠಿಯಿಂದ ಎದುರಿಸಲಿಲ್ಲ. ಅದನ್ನು ಕೃತಜ್ಞತೆಯಿಂದಲೇ ಹೇಳುತ್ತೇನೆ. ಆದರೆ ಮುಂದಿನ ವರ್ಷವೇ, 1984ರಲ್ಲಿ, ಅದೇ ಸರ್ಕಾರವು ಹರಿಹರ ಪಾಲಿಫೈಬರ್ಸ್ ಕಂಪನಿಯೊಡನೆ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಸಂಸ್ಥೆಯನ್ನು ಸ್ಥಾಪಿಸಿ, ಧಾರವಾಡ, ಶಿವಮೊಗ್ಗ ಮೊದಲಾದ ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರು ಭೂಮಿಯಲ್ಲಿ ಕಾರ್ಖಾನೆಗೆ ಬೇಕಾದ ನೀಲಗಿರಿಯನ್ನು ಬೆಳೆಯಲು ಏರ್ಪಾಡು ಮಾಡಿತು. ಕಾಗದದಲ್ಲಿ ಅದು ಸರ್ಕಾರದ ಪಾಳುಭೂಮಿ. ದನ ಕಾಯುವವನಿಗೆ, ಸೌದೆ ಹೊರುವವಳಿಗೆ, ಅದು ಊರಿನ ಗೋಮಾಳ. ಊರಿನ ಆಡಳಿತವನ್ನು ಊರಿಗೆ ಕೊಡುತ್ತೇನೆಂದು ಸಾರಿದ ಸರ್ಕಾರವು, ಊರಿನ ನೆಲವನ್ನು ಊರನ್ನು ಕೇಳದೆ ಒಂದು ಕಂಪನಿಯ ಉಪಯೋಗಕ್ಕೆ ಗೊತ್ತುಪಡಿಸಿದ್ದು ಹೇಗೆ? ಇದಕ್ಕೆ ಹೆಗಡೆಯವರ ಪರವಾಗಿ ನನ್ನಲ್ಲಿ ಉತ್ತರವಿಲ್ಲ. ಹಣಕಾಸಿನ ಮಂತ್ರಿಯಾಗಿದ್ದವರಿಗೆ ಪಾಳುಬಿದ್ದ ನೆಲವು ಉತ್ಪನ್ನವಾಗಿ ಮಾರ್ಪಡುವುದು ಹಿತವಾಗಿ ಕಂಡಿರಬಹುದು. ಅಷ್ಟರಿಂದ ನಿರ್ಧಾರವು ಸರಿಯಾಗುವುದಿಲ್ಲ.

ಶಿರಸಿಗೆ ಹೊಂದಿಕೊಂಡ ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ರೈತರು ಸೇರಿ, ನೆಟ್ಟಿದ್ದ ನೀಲಗಿರಿಯ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟು ಸತ್ಯಾಗ್ರಹ ನಡೆಸಿದರು. ಅದಕ್ಕಿಂತ ಅರ್ಥವತ್ತಾದ ಸಂಗತಿ ಮತ್ತೊಂದಿದೆ. ಆ ವರ್ಷದ ಜನವರಿಯಲ್ಲಿ ಚುನಾಯಿತವಾಗಿ ಬಂದಿದ್ದ ಹಲವು ಮಂಡಲ ಪಂಚಾಯತಿಗಳು, ಈ ಭೂಮಿಯನ್ನು ಕಂಪನಿಗೆ ಕೊಡಕೂಡದೆಂದು ನಿರ್ಣಯಗಳನ್ನು ಅಂಗೀಕರಿಸಿ ಸರ್ಕಾರಕ್ಕೆ ಕಳುಹಿಸಿದವು. ಹೆಗಡೆಯವರು ಹುಟ್ಟಿಸಿದ ಸಂಸ್ಥೆಗಳು ಹುಟ್ಟಿದ ಮೊದಲ ವರ್ಷದಲ್ಲಿಯೇ ಹೆಗಡೆಯವರ ನಿರ್ಧಾರವನ್ನು ಬೇಡವೆಂದವು. 1991ರಲ್ಲಿ ಆ ಜಂಟಿ ಸಂಸ್ಥೆಯನ್ನು ಮುಚ್ಚಲಾಯಿತು. ಅವರ ರಾಜಕೀಯ ಜೀವನದಲ್ಲಿ ಇದಕ್ಕಿಂತ ದೊಡ್ಡ ಯಶಸ್ಸನ್ನು ನಾನು ಕಾಣೆ. ಎಲ್ಲ ನಾಯಕರೂ ತಪ್ಪು ಮಾಡುತ್ತಾರೆ; ತನ್ನ ತಪ್ಪನ್ನು ತಡೆಯಬಲ್ಲ ಶಕ್ತಿಯನ್ನು ತಾನೇ ಮುಂದಾಗಿ ಜನರ ಕೈಗೆ ಕೊಟ್ಟಿಡುವ ನಾಯಕರು ಶತಮಾನಕ್ಕೆ ಎಷ್ಟು ಮಂದಿ ಹುಟ್ಟುತ್ತಾರೆ?

ಪೀಠಿಕೆಯ ಎರಡನೆಯ ಮಾತಿಗೆ, ಎಂದರೆ ಅಧಿಕಾರಸ್ಥನ ನೀತಿಗೆ, ಇದೇ ಅಳತೆಯನ್ನು ಹಿಡಿದು ನೋಡೋಣ. ಲೋಕಾಯುಕ್ತ ಶಾಸನವು 1984ರಲ್ಲಿ ಆಯಿತು. 1986ರ ಜನವರಿಯಲ್ಲಿ ಜಾರಿಗೆ ಬಂದು, ನ್ಯಾಯಮೂರ್ತಿ ಎ. ಡಿ. ಕೋಶಲ್ ಮೊದಲ ಲೋಕಾಯುಕ್ತರಾದರು. ಆಳುವ ಪಕ್ಷವು ತನ್ನ ಮೇಲೆಯೇ ಒಬ್ಬ ವಿಚಾರಕನನ್ನು ಕೂಡಿಸಿದ್ದು ಮಂಡಲ ಪಂಚಾಯತಿಯ ಜಾತಿಗೇ ಸೇರಿದ ಕಾರ್ಯ. ಆದರೆ ಮರುತಿಂಗಳೇ, ಸಾರಾಯಿ ಬಾಟಲಿ ತುಂಬುವ ಗುತ್ತಿಗೆಯ ವಿಷಯದಲ್ಲಿ ಉಚ್ಚ ನ್ಯಾಯಾಲಯವು ಸರ್ಕಾರವನ್ನು ಕಟುವಾಗಿ ಟೀಕಿಸಲು, ಹೆಗಡೆಯವರು ರಾಜೀನಾಮೆಯನ್ನಿತ್ತು, ಮೂರು ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಶಾಸಕರೂ ಪಕ್ಷದ ಮುಖಂಡರೂ ಒತ್ತಾಯಿಸಿದರೆಂಬುದು ದಿಟ. ಆದರೆ 1984ರ ಡಿಸೆಂಬರಿನಲ್ಲಿ ಜನರ ತೀರ್ಪಿಗೆ ಕಾದುನಿಂತವರು 1986ರ ಫೆಬ್ರುವರಿಯಲ್ಲಿ ಸ್ವಪಕ್ಷೀಯರ ತೀರ್ಪನ್ನು ಸಾಕೆಂದು ಒಪ್ಪಿದ್ದು ಸಮನಾದ ನಡತೆಯಾಗಲಿಲ್ಲ. ಆ ರಾಜೀನಾಮೆ ನಿಂತಿದ್ದರೆ ರಾಜ್ಯಕ್ಕೆ ನಷ್ಟವಾಗುತ್ತಿತ್ತೇನೋ. ಮೌಲ್ಯವೆಂಬ ಶಬ್ದಕ್ಕೆ ಲಾಭವಾಗುತ್ತಿತ್ತು. 1988ರ ಆಗಸ್ಟಿನಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದ ನಡುವೆ ಅವರು ಕೊಟ್ಟ ರಾಜೀನಾಮೆ ಮಾತ್ರ ಉಳಿಯಿತು. ತುರ್ತುಪರಿಸ್ಥಿತಿಯಲ್ಲಿ ಸೆರೆಮನೆಯನ್ನು ಕಂಡವರ ಆಳಿಕೆಯಲ್ಲಿ ನಾಗರಿಕರ ಮಾತನ್ನು ಕದ್ದು ಕೇಳುವಂಥ ಕಾರ್ಯವು ನಡೆಯಿತೆಂಬ ಆರೋಪವೇ ಅವರನ್ನು ಪ್ರೀತಿಸಿದವರಿಗೆ ನೋವಿನದಾಗಿತ್ತು. ಪೀಠವನ್ನು ಬಿಟ್ಟಿಳಿದರೆಂಬುದು ಆ ನೋವನ್ನು ಕಡಿಮೆ ಮಾಡಿತು, ಅಳಿಸಲಿಲ್ಲ.

ಇಷ್ಟನ್ನು ಹೇಳಿದರೆ ನಮ್ಮ ಕಡೆಯವರೇ ಕೆಲವರಿಗೆ ಅಸಮಾಧಾನವಾಗುವುದುಂಟು. ನಮ್ಮವರೊಬ್ಬರು ಮುಖ್ಯಮಂತ್ರಿಯಾದರು, ಅವರ ಕುಂದುಗಳನ್ನು ನಾವೇ ಎತ್ತಿ ಆಡುವುದೇಕೆ ಎನ್ನುತ್ತಾರೆ. ಆ ನಮ್ಮತನದ ಭಾವನೆಯನ್ನು ನಾನು ಹಳಿಯಲಾರೆ; ಶಿರಸಿಯ ಪೇಟೆಯಲ್ಲಿ, ಯಲ್ಲಾಪುರದ ಸಂತೆಯಲ್ಲಿ, ಅವರ ಹೆಸರನ್ನು ಹೇಳುವಾಗ ಮುಖಗಳು ಅರಳಿದ್ದನ್ನು ನಾನೂ ಕಂಡಿದ್ದೇನೆ. ಆದರೆ ಹೆಗಡೆಯವರ ಪ್ರತಿಷ್ಠೆ ನಿಂತದ್ದು ಊರಿನ, ಕುಲದ ಬಾಂಧವ್ಯದ ಮೇಲಲ್ಲ. ಮುಖ್ಯಮಂತ್ರಿಯಾದ ಮೇಲೆ ಅವರು ಮೊದಲು ಗೆದ್ದದ್ದು ಕನಕಪುರದಲ್ಲಿ, 1985ರಲ್ಲಿ ಗೆದ್ದದ್ದು ಬಸವನಗುಡಿಯಲ್ಲಿ. ಅವರ ಜಾತಿಯ ಸಂಖ್ಯಾಬಲವಿಲ್ಲದ ರಾಜ್ಯವೊಂದು ಅವರ ಮಾತನ್ನು ನಂಬಿ ಅವರನ್ನು ಎತ್ತಿ ಹಿಡಿಯಿತು. ಮಾತಿನ ಮೇಲಣ ನಂಬಿಕೆಯಿಂದ ಗೆದ್ದವರನ್ನು ರಕ್ತಸಂಬಂಧದ ಹೆಸರಿನಲ್ಲಿ ಸಮರ್ಥಿಸಹೊರಟರೆ, ಅವರಿಗೆ ನಾಡು ಕೊಟ್ಟ ಗೌರವವನ್ನು ನಾವೇ ಕಿರಿದುಮಾಡಿದಂತಾಗುತ್ತದೆ. ವಿರೋಧಿಗಳಿಗೆ ನನ್ನ ಉತ್ತರ ಇನ್ನೂ ಸಂಕ್ಷಿಪ್ತವಾದುದು: ಅವರು ಹೆಗಡೆಯವರನ್ನು ಖಂಡಿಸುವಾಗ ಬಳಸುವ ಅಳತೆಗೋಲು ಹೆಗಡೆಯವರೇ ಕೊಟ್ಟದ್ದು. ಅನಂತರದ ಎಷ್ಟು ಮುಖ್ಯಮಂತ್ರಿಗಳನ್ನು ನಾವು ಆ ಕೋಲಿನಿಂದ ಅಳೆಯುವ ಯೋಚನೆಯನ್ನಾದರೂ ಮಾಡಿದ್ದೇವೆ?

2004ರ ಜನವರಿ 12ರಂದು ಹೆಗಡೆಯವರು ತೀರಿಕೊಂಡರು. ಅವರು ಕಟ್ಟಿದ ವ್ಯವಸ್ಥೆ ಅವರಿಗಿಂತ ಮೊದಲೇ ಶಿಥಿಲವಾಗಿತ್ತು. 1992ರಲ್ಲಿ ಅವಧಿ ಮುಗಿದ ಮಂಡಲಗಳಿಗೆ ಮತ್ತೆ ಚುನಾವಣೆ ನಡೆಯಲಿಲ್ಲ. 1993ರ ಹೊಸ ಶಾಸನವು ಸ್ತ್ರೀಯರ ಮೀಸಲನ್ನು ಮೂರನೆಯ ಒಂದು ಪಾಲಿಗೆ ಏರಿಸಿತು, ಮಂಡಲವನ್ನು ತೆಗೆದು ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯತಿಗಳನ್ನು ನಿಲ್ಲಿಸಿತು, ಆದರೆ ಹಳೆಯ ಜಿಲ್ಲಾ ಪರಿಷತ್ತಿಗಿದ್ದ ತೂಕವನ್ನು ಉಳಿಸಲಿಲ್ಲ. 2016ರಲ್ಲಿ ಆರಿಸಿ ಬಂದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ, ಯಾವ ಪಕ್ಷ ಅಧಿಕಾರದಲ್ಲಿದ್ದರೂ ಒಂದಲ್ಲ ಒಂದು ಕಾರಣದಿಂದ ಚುನಾವಣೆ ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಹೋಗಿ, ಜಿಲ್ಲೆಗಳು ಆಡಳಿತಾಧಿಕಾರಿಗಳ ಕೈಗೆ ಬಂದವು. ದೊಡ್ಮನೆಯ ಹೆಗಡೆಯವರ ಅಭಿಮಾನಿಗಳೆಂದು ಹೇಳಿಕೊಳ್ಳುವವರು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕುಗಳಲ್ಲಿ ಸಾವಿರಾರು ಮಂದಿ ಇದ್ದಾರೆ. ಎಲ್ಲ ಪಕ್ಷಗಳಲ್ಲಿಯೂ ಇದ್ದಾರೆ. ಹೆಗಡೆಯವರ ಜಯಂತಿಗೆ ಹಾರ ಹಾಕುವವರು, ವೇದಿಕೆಯ ಮೇಲಿರುವ ಶಾಸಕರನ್ನೂ ಮಂತ್ರಿಗಳನ್ನೂ ಜಿಲ್ಲಾ ಪಂಚಾಯತಿಯ ಚುನಾವಣೆಯ ದಿನಾಂಕ ಯಾವುದೆಂದು ಎಲ್ಲರೆದುರಿಗೆ ಕೇಳಲಿ, ಲಿಖಿತವಾಗಿ ಉತ್ತರ ಪಡೆಯಲಿ.